ಮೂರಕ್ಷರ, ಹತ್ತಂಕಿ

ಅಮೆರಿಕದಲ್ಲಿ ಉದ್ಯೋಗದ ಮೇಲೆ ಕೊಡುವ ಗ್ರೀನ್ ಕಾರ್ಡ್ ವರ್ಷಕ್ಕೆ ಸುಮಾರು 1,40,000. 1990ರ ಕಾನೂನು ಹಾಕಿದ ಲೆಕ್ಕ ಅದು. ಒಂದೊಂದು ದೇಶಕ್ಕೆ ಶೇ. 7ರ ಮಿತಿ, ಭಾರತಕ್ಕೂ ಅಷ್ಟೇ, ಐಸ್‌ಲ್ಯಾಂಡಿಗೂ ಅಷ್ಟೇ! ಸರದಿ ಬಂತೇ ಎಂದು ತಿಂಗಳು ತಿಂಗಳೂ ವೀಸಾ ಬುಲೆಟಿನ್ ನೋಡಬೇಕು. ಬಂದರೆ ಕೊನೆಯ ಹಂತದ ಅರ್ಜಿ ಹಾಕಬಹುದು. ಅದು ಇತ್ಯರ್ಥವಾಗುವ ತನಕ ಗಂಡಹೆಂಡತಿ ಇಬ್ಬರೂ ಕೆಲಸದ ಪರವಾನಗಿ ಕೇಳಬಹುದು. ಎಚ್-4 ವೀಸಾದಲ್ಲಿ ಮನೆಯಲ್ಲೇ ಕೂತಿದ್ದ ನನ್ನಾಕೆಗೆ ಬೇಕಾಗಿದ್ದು ಇದೊಂದೇ.

2007ರ ಜುಲೈ ಬುಲೆಟಿನ್ ಬಹುತೇಕ ಎಲ್ಲ ಉದ್ಯೋಗ ವರ್ಗಗಳಿಗೂ ಬಾಗಿಲು ತೆರೆಯಿತು. ನಾವೆಲ್ಲ ಲಸಿಕೆ, ಎಕ್ಸ್‌ರೇ, ಊರಿನಿಂದ ಜನನಪತ್ರ ಎಂದು ಓಡಾಡಿದೆವು. ಜುಲೈ 2ರಂದು, ಈ ವರ್ಷದ ವೀಸಾ ಮುಗಿಯಿತೆಂದು ಬಾಗಿಲು ಹಾಕಿದರು.

ಹಿಂದಿನ ವರ್ಷವಷ್ಟೇ 'ಲಗೇ ರಹೋ ಮುನ್ನಾಭಾಯಿ' ಬಂದಿತ್ತು. ನಮ್ಮವರು ಬೈಯಲಿಲ್ಲ; ವಲಸೆ ಇಲಾಖೆಯ ನಿರ್ದೇಶಕ ಎಮಿಲಿಯೊ ಗೊನ್ಸಾಲೆಸ್ ಅವರಿಗೆ ನೂರಾರು ಹೂಗುಚ್ಛ ಕಳಿಸಿದರು. ಅವರು ಅವನ್ನು ವಾಲ್ಟರ್ ರೀಡ್ ಸೇನಾ ಆಸ್ಪತ್ರೆಯ ಗಾಯಾಳುಗಳಿಗೆ ಮುಟ್ಟಿಸಿದರು. ಜುಲೈ 17ಕ್ಕೆ ಇಲಾಖೆ ಮಣಿಯಿತು, ಆಗಸ್ಟ್ 17ರ ತನಕ ಅರ್ಜಿ ತೆಗೆದುಕೊಂಡಿತು. ಹೂವಿನಿಂದಲೇ ಆಯಿತೆಂದು ನಾನು ಹೇಳಲಾರೆ. ಸಂಸದೆ ಜೋ ಲಾಫ್‌ಗ್ರೆನ್ ದನಿ ಎತ್ತಿದ್ದರು, ವಕೀಲರೂ ಸುಮ್ಮನಿರಲಿಲ್ಲ.

ರಸೀದಿಯ ಮೇಲೆ ಮೂರಕ್ಷರ, ಹತ್ತಂಕಿ. ನಮ್ಮದು 'ಎಲ್‌ಐಎನ್', ಅಂದರೆ ನೆಬ್ರಾಸ್ಕಾದ ಲಿಂಕನ್ ಕೇಂದ್ರ. ಬೆಳಗಿನ ಕಾಫಿಗೂ ಮೊದಲು ಅದನ್ನು ಒತ್ತಿ ನೋಡುವುದು. 'ಪರಿಶೀಲನೆಯಲ್ಲಿದೆ' ಎಂಬ ಅದೇ ಸಾಲು. ಒಂದು ದಿನ ಸಾಲು ಬದಲಾಗಿ, ಕಾರ್ಡ್ ಮುದ್ರಣಕ್ಕೆ ಹೋಗಿದೆ ಎಂದಿತ್ತು. ನನ್ನದಲ್ಲ, ಅವಳದು.