ನಂಜುಂಡಪ್ಪ ವರದಿ: ಸಮಾನ ಅಭಿವೃದ್ಧಿಗೆ ತಾಲ್ಲೂಕೇ ಅಳತೆಗೋಲು

ಕರ್ನಾಟಕದ ಪ್ರಾದೇಶಿಕ ಅಸಮತೋಲನದ ಚರ್ಚೆ ನಡೆದಾಗಲೆಲ್ಲ ಉಲ್ಲೇಖಗೊಳ್ಳುವ ದಾಖಲೆ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ ವರದಿ. ಅರ್ಥಶಾಸ್ತ್ರಜ್ಞ ನಂಜುಂಡಪ್ಪ ಅವರ ಅಧ್ಯಕ್ಷತೆಯ ಉನ್ನತಾಧಿಕಾರ ಸಮಿತಿಯನ್ನು ಎಸ್.ಎಂ. ಕೃಷ್ಣ ನೇತೃತ್ವದ ಸರ್ಕಾರ 2000ರಲ್ಲಿ ರಚಿಸಿತು. ಸಮಿತಿಯು 2002ರ ಜೂನ್‌ನಲ್ಲಿ ವರದಿ ಸಲ್ಲಿಸಿತು.

ಅಳತೆಯ ಕ್ರಮ

ಜಿಲ್ಲೆಯ ಸರಾಸರಿಯಲ್ಲಿ ಬಡ ತಾಲ್ಲೂಕಿನ ಸ್ಥಿತಿ ಮರೆಯಾಗುತ್ತದೆ. ಆದ್ದರಿಂದ ಸಮಿತಿಯು ತಾಲ್ಲೂಕನ್ನೇ ಘಟಕವಾಗಿ ಸ್ವೀಕರಿಸಿತು. ಕೃಷಿ, ಕೈಗಾರಿಕೆ, ಮೂಲಸೌಕರ್ಯ, ಶಿಕ್ಷಣ, ಆರೋಗ್ಯ ಮೊದಲಾದವುಗಳಿಗೆ ಸಂಬಂಧಿಸಿದ 35 ಸೂಚಕಗಳ ಆಧಾರದ ಮೇಲೆ ಸೂಚ್ಯಂಕ ಸಿದ್ಧಪಡಿಸಿ, ರಾಜ್ಯದ ಸರಾಸರಿಯನ್ನು 1 ಎಂದು ಪರಿಗಣಿಸಿತು. ಅಂದಿನ 175 ತಾಲ್ಲೂಕುಗಳ ಪೈಕಿ 114 ಹಿಂದುಳಿದವು ಎಂದು ಗುರುತಿಸಲ್ಪಟ್ಟವು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು.

ಅತ್ಯಂತ ಹಿಂದುಳಿದ 39ರಲ್ಲಿ 21 ತಾಲ್ಲೂಕುಗಳು ಅಂದಿನ ಗುಲ್ಬರ್ಗ ವಿಭಾಗಕ್ಕೆ ಸೇರಿದ್ದವು. ಆದರೆ ರಾಜಧಾನಿಗೆ ಸಮೀಪದ ಕನಕಪುರ, ಮಾಗಡಿಗಳೂ ಅದೇ ಪಟ್ಟಿಯಲ್ಲಿದ್ದವು. ಹಿಂದುಳಿದಿರುವಿಕೆ ಕೇವಲ ಉತ್ತರ ಭಾಗದ ಸಮಸ್ಯೆಯಲ್ಲ ಎಂಬುದನ್ನು ಈ ಪಟ್ಟಿ ಅಂಕಿ-ಅಂಶಗಳ ಸಹಿತ ತೋರಿಸಿತು.

ಹಣ ಹಂಚಿಕೆ

ಎಂಟು ವರ್ಷಗಳ ಅವಧಿಗೆ 31,000 ಕೋಟಿ ರೂ. ವಿಶೇಷ ಅಭಿವೃದ್ಧಿ ಯೋಜನೆಯನ್ನು ಸಮಿತಿ ಶಿಫಾರಸು ಮಾಡಿತು. ಈ ಪೈಕಿ 16,000 ಕೋಟಿ ರೂ. ಹೆಚ್ಚುವರಿ ಅನುದಾನ; ಉಳಿದದ್ದು ಸಾಮಾನ್ಯ ಬಜೆಟ್‌ನಿಂದ. ಗುಲ್ಬರ್ಗ ವಿಭಾಗಕ್ಕೆ ಶೇ 40, ಬೆಂಗಳೂರಿಗೆ ಶೇ 25, ಬೆಳಗಾವಿಗೆ ಶೇ 20, ಮೈಸೂರಿಗೆ ಶೇ 15ರಷ್ಟು ಪಾಲು ಸೂಚಿಸಲಾಗಿತ್ತು. ಅನುಷ್ಠಾನ ಆರಂಭವಾದದ್ದು 2007-08ರಲ್ಲಿ.

ಹೆಚ್ಚುವರಿ ಎಂಬ ಪದದಲ್ಲೇ ಯೋಜನೆಯ ತಿರುಳಿದೆ. ಇಲಾಖೆಗಳ ಮಾಮೂಲಿ ವೆಚ್ಚವನ್ನು ಕಡಿತಗೊಳಿಸಿ, ಆ ಕೊರತೆಯನ್ನು ವಿಶೇಷ ಅನುದಾನದಿಂದ ತುಂಬಿದರೆ ತಾಲ್ಲೂಕಿಗೆ ದೊರೆಯುವುದು ಹಳೆಯ ಪಾಲೇ. ಶಾಲೆ, ಆಸ್ಪತ್ರೆಗಳ ಕಟ್ಟಡ ಎದ್ದರೂ ಶಿಕ್ಷಕ, ವೈದ್ಯರ ಹುದ್ದೆಗಳು ಖಾಲಿ ಉಳಿದರೆ ಸೂಚ್ಯಂಕ ಮೇಲೇರದು.

ನಂತರದ ಬೆಳವಣಿಗೆ

ಸಂವಿಧಾನದ 371(ಜೆ) ವಿಧಿಗೆ 2012ರಲ್ಲಿ ಸಂಸತ್ತು ಅನುಮೋದನೆ ನೀಡಿತು. ಇದರಿಂದ ಹೈದರಾಬಾದ್ ಕರ್ನಾಟಕಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿ ಹಾಗೂ ಶಿಕ್ಷಣ, ಉದ್ಯೋಗಗಳಲ್ಲಿ ಸ್ಥಳೀಯ ಮೀಸಲಾತಿ ಲಭಿಸಿತು. ಈ ಪ್ರದೇಶಕ್ಕೆ 2019ರಲ್ಲಿ ಕಲ್ಯಾಣ ಕರ್ನಾಟಕ ಎಂದು ಮರುನಾಮಕರಣ ಮಾಡಲಾಯಿತು. ಇತರ ವಿಭಾಗಗಳ ಹಿಂದುಳಿದ ತಾಲ್ಲೂಕುಗಳು ಈ ವಿಧಿಯ ವ್ಯಾಪ್ತಿಗೆ ಬರುವುದಿಲ್ಲ.

ರಾಜ್ಯದಲ್ಲಿ ತಾಲ್ಲೂಕುಗಳ ಸಂಖ್ಯೆ ಈಗ 230 ದಾಟಿದೆ. ಹೊಸ ತಾಲ್ಲೂಕುಗಳಿಗೆ ಹಳೆಯ ಸೂಚ್ಯಂಕ ನೇರವಾಗಿ ಅನ್ವಯಿಸದು. ನಂಜುಂಡಪ್ಪ ಪಟ್ಟಿಯ ಅಂಕಿಗಳು ಹಳತಾಗಿರಬಹುದು. ಸಂಪತ್ತು ಹಂಚುವ ಮುನ್ನ ಕೊರತೆಯನ್ನು ಅಳೆಯಬೇಕೆಂಬ ಅದರ ತತ್ವ ಮಾತ್ರ ಹಳತಾಗಿಲ್ಲ.