ಎರಡನೆಯ ಎಂ.ಎ. ಮತ್ತು ಒಂದು ಪ್ರಶ್ನೆ

ಗಣಿತದಲ್ಲಿ ಎಂ.ಎ. ಮುಗಿಸಿಯೂ ಕೆಲಸ ಸಿಗದಿದ್ದರೆ ನೀವೇನು ಮಾಡುವಿರಿ? 1920ರಲ್ಲಿ ಹೂವಿನಹಡಗಲಿಯಲ್ಲಿ ಜನಿಸಿದ ಸಿ.ಆರ್. ರಾವ್ ಆಂಧ್ರ ವಿಶ್ವವಿದ್ಯಾನಿಲಯದಿಂದ ಆ ಪದವಿ ಪಡೆದು, ಉದ್ಯೋಗ ಅರಸಿ ಕಲ್ಕತ್ತೆಗೆ ಹೋದರು. ಉದ್ಯೋಗ ದೊರೆಯಲಿಲ್ಲ. ಅಲ್ಲಿನ ವಿಶ್ವವಿದ್ಯಾನಿಲಯ 1941ರಲ್ಲಿ ಸಂಖ್ಯಾಶಾಸ್ತ್ರದ ಎಂ.ಎ. ತರಗತಿ ಆರಂಭಿಸಿದಾಗ ಮೊದಲ ತಂಡಕ್ಕೇ ಸೇರಿ, 1943ರಲ್ಲಿ ಪ್ರಥಮ ಸ್ಥಾನ ಗಳಿಸಿದರು.

ಮರುವರ್ಷ ಅಲ್ಲಿಯೇ ಪಾಠ ಹೇಳುತ್ತಿದ್ದರು. ಫಿಷರ್ ಅವರ ಫಲಿತಾಂಶ ದೊಡ್ಡ ಮಾದರಿಗಳಿಗೆ ಸರಿ, ಚಿಕ್ಕ ಮಾದರಿಗಳಿಗೆ ಹೇಗೆ ಎಂದು ವಿದ್ಯಾರ್ಥಿಯೊಬ್ಬರು ಕೇಳಿದರು. ರಾವ್ ಆ ರಾತ್ರಿಯೇ ಉತ್ತರ ಸಾಧಿಸಿದರು. ಪಕ್ಷಪಾತವಿಲ್ಲದ ಅಂದಾಜಿನ ಏರುಪೇರು ಎಷ್ಟರ ಕೆಳಗೆ ಇಳಿಯದೆಂದು ತಿಳಿಸುವ ಅದು 1945ರಲ್ಲಿ ಪ್ರಕಟವಾಯಿತು. ಇಂದು ನೀವು ಓದುವ ಕ್ರಾಮರ್-ರಾವ್ ಅಸಮತೆ ಅದೇ.

ಉತ್ತರ ತಿಳಿಯದ ಪ್ರಶ್ನೆ ತರಗತಿಯಲ್ಲಿ ಎದ್ದರೆ, ಅಧ್ಯಾಪಕರೇ, ಅದನ್ನು ಮನೆಗೆ ಒಯ್ಯಿರಿ.