ಮರುಭೂಮಿಯಲ್ಲಿ ಉಳಿದ ಜಪಮಾಲೆಗಳು



ಪುರಾತತ್ವ ಎಂದೊಡನೆ ನಮಗೆ ಹಂಪಿ, ಹರಪ್ಪ, ಬೈಬಲಿನ ಯೆರಿಕೋ ನೆನಪಾಗುತ್ತವೆ. ಆದರೆ ಅದೇ ವಿಧಾನದಿಂದ ನಿನ್ನೆ ಮೊನ್ನೆಯ ಬದುಕನ್ನೂ ಅರಿಯಬಹುದು. ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದ ವಿಲಿಯಂ ರಾತ್ಜೆ 1973ರಲ್ಲಿ ಟೂಸಾನ್ ನಗರದ ಮನೆಗಳ ಕಸವನ್ನು ವಿಂಗಡಿಸಿ ಲೆಕ್ಕ ಬರೆಯಲು ಆರಂಭಿಸಿದರು. ಜನರು ತಾವು ಕುಡಿಯುವುದಾಗಿ ಹೇಳಿದ್ದಕ್ಕಿಂತ ಹೆಚ್ಚು ಮದ್ಯದ ಬಾಟಲಿಗಳು ಕಸದಲ್ಲಿ ಸಿಕ್ಕವು! ಬಾಯಿ ಮುಚ್ಚಿಟ್ಟದ್ದನ್ನು ವಸ್ತುಗಳು ಬಿಚ್ಚಿಟ್ಟವು.

ಅದೇ ಅರಿಜೋನಾದ ದಕ್ಷಿಣದಲ್ಲಿ ಸೊನೋರಾ ಮರುಭೂಮಿ ಇದೆ. 1994ರಲ್ಲಿ ಅಮೆರಿಕದ ಗಡಿ ಕಾವಲು ಪಡೆ ನಗರಗಳ ಬಳಿ ಕಾವಲು ಬಿಗಿಗೊಳಿಸುವ ನೀತಿ ತಂದಿತು. ಕಷ್ಟದ ದಾರಿಗೆ ಹೆದರಿ ಜನ ಬರುವುದನ್ನು ನಿಲ್ಲಿಸುತ್ತಾರೆ ಎಂಬುದು ಅದರ ಎಣಿಕೆ. ಜನ ನಿಲ್ಲಲಿಲ್ಲ, ಮೆಕ್ಸಿಕೋ ಕಡೆಯಿಂದ ಈ ಮರುಭೂಮಿಯಲ್ಲೇ ನಡೆಯತೊಡಗಿದರು. ಸಾವಿರಾರು ಮಂದಿ ಬಿಸಿಲು, ಬಾಯಾರಿಕೆಗಳಿಗೆ ಬಲಿಯಾದರು.

ಪ್ರಾಚೀನ ಮೆಕ್ಸಿಕೋದ ಕಲ್ಲಿನ ಉಪಕರಣಗಳನ್ನು ಅಭ್ಯಾಸ ಮಾಡಿದ್ದ ಜೇಸನ್ ಡಿ ಲಿಯೋನ್ 2009ರಿಂದ ಈ ದಾರಿಗಳನ್ನು ಶೋಧಿಸತೊಡಗಿದರು. ವಲಸಿಗರು ಬಿಟ್ಟುಹೋದ ಬೆನ್ನಚೀಲ, ಸವೆದ ಚಪ್ಪಲಿ ಬೂಟು, ನೀರಿನ ಬಾಟಲಿ, ಮನೆಯವರ ಫೋಟೊ, ಜಪಮಾಲೆ, ಸಂತರ ಚಿತ್ರಗಳನ್ನು ಸಿಕ್ಕ ಜಾಗದ ಸಮೇತ ದಾಖಲಿಸಿದರು. ಹಲವು ಬಾಟಲಿಗಳು ಕಪ್ಪಾಗಿದ್ದವು. ಬಿಳಿ ಬಾಟಲಿ ಬಿಸಿಲಿಗೆ ಹೊಳೆದು ಕಾವಲುಗಾರರ ಕಣ್ಣಿಗೆ ಬೀಳುತ್ತದೆಂಬ ಭಯದಿಂದ ಜನ ಕಪ್ಪು ಬಾಟಲಿ ಒಯ್ಯುತ್ತಿದ್ದರು. ಆದರೆ ಕಪ್ಪು ಬಣ್ಣ ಬಿಸಿಲು ಹೀರಿ ನೀರನ್ನು ಇನ್ನಷ್ಟು ಕಾಯಿಸುತ್ತದೆ. ಒಂದು ಬಾಟಲಿಯಲ್ಲಿ ಎಷ್ಟು ಸಂಕಟ!

ಕೆಲವರಿಗೆ ಇದೆಲ್ಲ ಬರೀ ಕಸ. ಆದರೆ ಸರಕಾರಿ ಕಡತಗಳಲ್ಲಿ ಸಂಖ್ಯೆಯಾಗಿ ಮಾತ್ರ ಉಳಿದವರು ಈ ವಸ್ತುಗಳಲ್ಲಿ ತಾಯಿಯಾಗಿ, ಮಗನಾಗಿ, ಪ್ರಾರ್ಥಿಸುವ ಭಕ್ತರಾಗಿ ಕಾಣುತ್ತಾರೆ. ಹೆರೋದನಿಗೆ ಹೆದರಿ ಈಜಿಪ್ಟಿಗೆ ಹೊರಟ ಪವಿತ್ರ ಕುಟುಂಬವೂ ಹೀಗೆಯೇ ಮರುಭೂಮಿ ದಾಟಿತಲ್ಲವೇ?

ಡಿ ಲಿಯೋನ್ ಅವರ ತಂಡ ಮುಂದೆ ಒಂದು ಪ್ರದರ್ಶನ ರೂಪಿಸಿತು. ಅರಿಜೋನಾ ಮರುಭೂಮಿಯಲ್ಲಿ ಸತ್ತ 3,200ಕ್ಕೂ ಹೆಚ್ಚು ಮಂದಿಯ ವಿವರಗಳನ್ನು, ಶವಾಗಾರದಲ್ಲಿ ಕಾಲ್ಬೆರಳಿಗೆ ಕಟ್ಟುವಂಥ ಚೀಟಿಗಳಲ್ಲಿ ಸ್ವಯಂಸೇವಕರು ಕೈಯಾರೆ ಬರೆದು, ಶವ ಸಿಕ್ಕ ಸ್ಥಳ ಗುರುತಿಸಿ ನಕ್ಷೆಗೆ ತೂಗುಹಾಕುತ್ತಾರೆ. ಗುರುತು ಸಿಗದವರ ಚೀಟಿ ಕಿತ್ತಳೆ ಬಣ್ಣದ್ದು.

ನವೆಂಬರ್ ತಿಂಗಳಲ್ಲಿ ನಾವು ನಮ್ಮ ಹಿರಿಯರ ಸಮಾಧಿಗಳಿಗೆ ಹೂವಿಟ್ಟು, ಮೊಂಬತ್ತಿ ಹಚ್ಚಿ, ಹೆಸರು ಹೇಳಿ ಪ್ರಾರ್ಥಿಸುತ್ತೇವೆ. ಹೆಸರೇ ತಿಳಿಯದ ಆ ಆತ್ಮಗಳಿಗೂ ಈ ಸಲ ಒಂದು ಮೊಂಬತ್ತಿ ಹಚ್ಚೋಣ. ನಮಗೆ ಗೊತ್ತಿಲ್ಲದ ಅವರ ಹೆಸರು ದೇವರಿಗೆ ಗೊತ್ತು.